ಕಿವಿಯಲ್ಲಿ ಹೇಳಿದ ಫ್ರೆಂಚ್ ಹೆಸರು

ಚಾಮರಾಜಪೇಟೆ
6 ಜುಲೈ 2025

ಮಹಾನಂದ ಅತ್ತೆಗೆ ನಮಸ್ಕಾರ.

ನಾನು ತನುಶ್ರೀ, ನಿಮ್ಮ ತಮ್ಮ ಬಸವಪ್ರಭು ಅವರ ಮಗಳು. ನೀವು ನನ್ನನ್ನು ಕಡೆಯ ಸಲ ನೋಡಿದಾಗ ನನಗೆ ಎರಡು ತಿಂಗಳೂ ತುಂಬಿರಲಿಲ್ಲವಂತೆ. ಈಗ ಹದಿನೇಳು ವರ್ಷ. ಸೆಕೆಂಡ್ ಪಿಯು ಓದುತ್ತಿದ್ದೇನೆ.

ನಿಮಗೆ ಫೋನ್ ಮಾಡಬಾರದು ಎಂದು ನಮ್ಮ ಮನೆಯಲ್ಲಿ ಕಟ್ಟಪ್ಪಣೆ ಇದೆ. ಪತ್ರ ಬರೆಯಬಾರದು ಎಂದು ಮಾತ್ರ ಯಾರೂ ಹೇಳಿಲ್ಲ. ಈ ಕಾಲದಲ್ಲಿ ಹುಡುಗಿಯೊಬ್ಬಳು ಪತ್ರ ಬರೆದಾಳು ಎಂದು ಯಾರ ತಲೆಗೂ ಹೊಳೆದಿಲ್ಲ. ಲಗ್ನಪತ್ರಿಕೆ ಕಳಿಸಲು ನಿಮ್ಮ ತಂದೆ ಗಂಗಾಧರಯ್ಯ ಅಜ್ಜ ಬರೆದಿಟ್ಟಿದ್ದ ವಿಳಾಸದ ಪುಸ್ತಕದಲ್ಲಿ ನಿಮ್ಮ ಮಲ್ಲೇಶ್ವರದ ವಿಳಾಸ ಸಿಕ್ಕಿತು. ನೀವು ಮನೆ ಬದಲಾಯಿಸಿದ್ದರೆ ಈ ಪತ್ರವನ್ನು ಯಾರು ಓದುತ್ತಿದ್ದಾರೋ ಅವರು ದಯವಿಟ್ಟು ಹರಿದುಹಾಕಿ.

ವಿಷಯಕ್ಕೆ ಬರುತ್ತೇನೆ. ಕಾಲೇಜಿನಲ್ಲಿ ನನ್ನ ಎರಡನೇ ಭಾಷೆ ಫ್ರೆಂಚ್. ಪ್ರಾಜೆಕ್ಟಿಗೆ ನಾನೇ ವಿಷಯ ಆರಿಸಿಕೊಂಡೆ: ವಿಡಿಯೋ ಗೇಮ್‌ಗಳ ಪಾತ್ರಗಳ ಹೆಸರುಗಳಲ್ಲಿ ಯಾವ ಯಾವ ಫ್ರೆಂಚ್ ಪದಗಳು ಅಡಗಿರಬಹುದು ಎಂಬುದು. ನಮ್ಮ ದೀಪ್ತಿ ಮ್ಯಾಮ್‌ಗೆ ಬಹಳ ಇಷ್ಟವಾಯಿತು. "ಇರಬಹುದು ಅಂತ ಬರಿ, ಇದೆ ಅಂತ ಬರೀಬೇಡ. ಹೆಸರಿಟ್ಟವರು ಬಂದು ಸಾಕ್ಷಿ ಹೇಳಲ್ಲ" ಎಂದರು. ಕಳೆದ ಭಾನುವಾರ ಹಾಲ್‌ನಲ್ಲಿ ಕೂತು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಅಪ್ಪ ಪೇಪರ್ ಓದುತ್ತಿದ್ದವರು ತಲೆ ಎತ್ತದೆ, "ಲುವೆಟ್ ಹಾಕಿದೀಯಾ?" ಎಂದರು. ನಾನು ಇಂಟರ್ನೆಟ್ಟನ್ನೆಲ್ಲ ಜಾಲಾಡಿದರೂ ಅಂಥ ಹೆಸರು ಸಿಗಲಿಲ್ಲ. ಯಾವ ಗೇಮ್ ಎಂದು ಕೇಳಿದರೆ, "ಅದನ್ನ ನಿಮ್ಮತ್ತೇನೇ ಕೇಳ್ಬೇಕು. ನಾನು ಆಡ್ತಿದ್ದೆ ಅಷ್ಟೆ" ಎಂದವರು ಎದ್ದು ಚಿಕ್ಕಪೇಟೆಯ ಅಂಗಡಿಗೆ ಹೊರಟುಬಿಟ್ಟರು. ಭಾನುವಾರ ಅಂಗಡಿಗೆ ರಜೆ.

ಅಪ್ಪನ ಬಾಯಲ್ಲಿ "ನಿಮ್ಮತ್ತೆ" ಎನ್ನುವ ಮಾತನ್ನು ನಾನು ಮೊದಲ ಸಲ ಕೇಳಿದ್ದು. ಲುವೆಟ್ ಯಾರು, ಅತ್ತೆ?

ಇತಿ,
ತನುಶ್ರೀ



ಮಲ್ಲೇಶ್ವರ
19 ಜುಲೈ 2025

ಚಿ. ತನುಶ್ರೀಗೆ ಆಶೀರ್ವಾದ.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮೂರು ಸಲ ಉತ್ತರ ಬರೆದು ಮೂರು ಸಲ ಹರಿದೆ. ನಮ್ಮ ಯಜಮಾನರು, "ಆ ಮಗು ಕೇಳಿರೋದು ಗೇಮ್ ವಿಷಯ. ಅಷ್ಟಕ್ಕೆ ಉತ್ತರ ಕೊಡು, ನಿನ್ನ ಪುರಾಣ ಬೇಡ" ಎಂದರು. ಅವರು ಹೇಳಿದ್ದು ಸರಿ. ಆದರೆ ಆ ಗೇಮ್ ವಿಷಯವೇ ನನ್ನ ಪುರಾಣ, ಏನು ಮಾಡಲಿ?

1994ರ ಬೇಸಿಗೆ ರಜೆ. ನಿಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ, ಈಗ ಜೆರಾಕ್ಸ್ ಅಂಗಡಿ ಇರಬೇಕು, ಅಲ್ಲಿ ಶಿವಶಂಕರ್ ಅಂಕಲ್ ಎನ್ನುವವರು ತಮ್ಮ ಮುಂದಿನ ಕೋಣೆಯಲ್ಲಿ ಎರಡು ಟಿವಿ ಇಟ್ಟು ವಿಡಿಯೋ ಗೇಮ್ ಆಡಿಸುತ್ತಿದ್ದರು. ಬಾಗಿಲಿಗೆ ಹಳೆಯ ಸೀರೆಯ ಪರದೆ. ಪಕ್ಕದಲ್ಲಿ ಕಾಫಿಪುಡಿ ಮಾಡುವ ಮಿಲ್ಲು. ಆ ಕೋಣೆಯಿಂದ ಹೊರಗೆ ಬಂದರೆ ಬಟ್ಟೆಯೆಲ್ಲ ಹುರಿದ ಬೀಜದ ವಾಸನೆ. ಹುಡುಗಿಯರು ಅಲ್ಲಿಗೆ ಹೋಗುತ್ತಿರಲಿಲ್ಲ. ನನ್ನನ್ನು ನಮ್ಮಪ್ಪ ಕಳಿಸುತ್ತಿದ್ದದ್ದು ಬಸುವನ್ನು ಎಳೆದುಕೊಂಡು ಬರಲು. ನನಗೆ ಹದಿನೈದು, ಅವನಿಗೆ ಹನ್ನೆರಡು. ನಾನು ಹೋಗುವೆ, "ಏಳೋ" ಎನ್ನುವೆ, "ಐದೇ ನಿಮಿಷ ಅಕ್ಕ" ಎನ್ನುವನು. ಬೆಂಚಿನ ತುದಿಯಲ್ಲಿ ಕೂರುವೆ. ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಲು ಆಮೇಲೆ ಅಮ್ಮನೇ ಬರಬೇಕಾಗುತ್ತಿತ್ತು.

ಒಂದು ಕ್ಯಾಸೆಟ್ಟಿಗೆ ಚೀಟಿ ಇರಲಿಲ್ಲ. ಅಂಕಲ್‌ನ ಭಾವ ಪಾಂಡಿಚೇರಿಯಿಂದ ತಂದುಕೊಟ್ಟದ್ದು. ಹಾಕಿದರೆ ಪರದೆಯ ಮೇಲೆ ಬರುವುದೆಲ್ಲ ಫ್ರೆಂಚು. ಒಬ್ಬರಿಗೂ ತಲೆಬುಡ ತಿಳಿಯುತ್ತಿರಲಿಲ್ಲವಾದ್ದರಿಂದ ಅದನ್ನು ಯಾರೂ ಕೇಳುತ್ತಿರಲಿಲ್ಲ, ಬಸುವಿಗೆ ಬೇಕೆಂದಾಗ ಸಿಗುತ್ತಿತ್ತು. ಅದರಲ್ಲಿ ಲಾಟೀನು ಹಿಡಿದ ಒಬ್ಬ ಪುಟ್ಟ ಹುಡುಗಿ ಏಳು ಬಾಗಿಲು ದಾಟಬೇಕು. ಅವಳೇ ಲುವೆಟ್.

ನಮ್ಮಪ್ಪನಿಗೆ ಒಂದು ಹಟವಿತ್ತು. ಅರ್ಥವಿಲ್ಲದ ಹೆಸರು ಇರಲು ಸಾಧ್ಯವಿಲ್ಲ ಎನ್ನುವುದು. ನಾವಿಬ್ಬರೂ ಊಟದ ಹೊತ್ತಿಗೆ ಲುವೆಟ್, ಬ್ರುಮಾರ್ ಎಂದು ಒದರುವುದನ್ನು ಕೇಳಿ ಕೇಳಿ, ಒಂದು ದಿನ ಅಂಗಡಿ ಮುಚ್ಚಿ ಬರುವಾಗ ಅವೆನ್ಯೂ ರಸ್ತೆಯ ಫುಟ್‌ಪಾತಿನಿಂದ ರಟ್ಟು ಕಿತ್ತುಹೋದ ಫ್ರೆಂಚ್-ಇಂಗ್ಲಿಷ್ ನಿಘಂಟು ತಂದು ನನ್ನ ಮುಂದೆ ಇಟ್ಟರು. "ಹುಡುಕು, ಸಿಗತ್ತೆ" ಎಂದರು. ಹುಡುಕಿದೆ. ಆಟ ಅವನದು, ಓದು ನನ್ನದು. ಕಪ್ಪೆಮುಖದ ಸಿಪಾಯಿಗಳ ಹೆಸರು ಗ್ರೆನೋಕ್. ನಿಘಂಟಿನಲ್ಲಿ ಕಪ್ಪೆಗೆ ಇದ್ದ ಪದವನ್ನು ನಾವು "ಗ್ರೆನೌಯಿಲ್ಲೆ" ಎಂದು ಓದಿಕೊಂಡು ಕುಣಿದಾಡಿದ್ದೆವು. ಸರಿಯಾದ ಉಚ್ಚಾರಣೆ ನಿನಗೆ ಗೊತ್ತಿರುತ್ತದೆ, ನಗಬೇಡ. ಬ್ರುಮಾರ್ ಎನ್ನುವ ಮಾಂತ್ರಿಕ ಬಂದರೆ ಪರದೆಯೆಲ್ಲ ಮಸುಕಾಗುತ್ತಿತ್ತು. ಬ್ರೂಮ್ ಎಂದರೆ ಮಂಜು. ಐದನೇ ಬಾಗಿಲಲ್ಲಿ ಕಲ್ಲಿನ ಟಗರೊಂದು ಅಡ್ಡ ನಿಂತಿರುತ್ತಿತ್ತು, ಟೆಟಸ್ ಅಂತ. ಏನು ಮಾಡಿದರೂ ಅಲುಗದು. ಬೀದಿಯ ಹುಡುಗರು ಅದನ್ನು ಟೆಟನಸ್ ಎನ್ನುತ್ತಿದ್ದರು. ನಿಘಂಟು ನೋಡಿದರೆ ತೆತ್ಯು ಎಂದರೆ ಮೊಂಡ. ಅಂದು ಅಪ್ಪನೂ ನಕ್ಕರು.

ಲುವೆಟ್ ಮಾತ್ರ ಬಗೆಹರಿಯಲಿಲ್ಲ. ಲಾಟೀನು ಹಿಡಿದಿದ್ದಾಳಲ್ಲ, ಅದಕ್ಕೆ ಲುಯರ್ ಎನ್ನುವ ಪದದಿಂದ ಬಂದಿದೆ ಎಂದು ನನ್ನ ವಾದ. ಅದಕ್ಕೆ ಮಿಣುಕುವ ಬೆಳಕು ಎಂದರ್ಥ. ಬಸು ಒಪ್ಪಲಿಲ್ಲ. ಅವಳು ಹಾರಿದಾಗ ಒಂದು ಪುಟ್ಟ ರಾಗ ಬರುತ್ತಿತ್ತು, ಅದಕ್ಕೆ ಅಲುಯೆಟ್ ಎನ್ನುವ ಹಾಡುಹಕ್ಕಿಯೇ ಮೂಲ ಎಂದು ಅವನ ಹಟ. ಎರಡು ದಿನ ಮಾತು ಬಿಟ್ಟಿದ್ದೆವು. ಎರಡೇ ದಿನ.

ನಿನ್ನ ಪ್ರಾಜೆಕ್ಟಿಗೆ ಇಷ್ಟು ಸಾಕೆಂದುಕೊಂಡಿದ್ದೇನೆ. ನಾನು ಬರೆದದ್ದನ್ನು ನಿನ್ನಪ್ಪನಿಗೆ ತೋರಿಸಬೇಡ.

ಮಹಾನಂದ



ಚಾಮರಾಜಪೇಟೆ
27 ಜುಲೈ 2025

ಪ್ರೀತಿಯ ಅತ್ತೆ,

ಸಾಕಾಗಲಿಲ್ಲ.

ನಿಮ್ಮ ಪತ್ರದ ಹೆಸರುಗಳನ್ನೆಲ್ಲ ದೀಪ್ತಿ ಮ್ಯಾಮ್‌ಗೆ ಹೇಳಿದೆ. ಗ್ರೆನೌಯಿಲ್ಲೆ ಕೇಳಿ ಅವರು ಮೇಜಿಗೆ ತಲೆ ಇಟ್ಟು ನಕ್ಕರು. ಅದು ಗ್ರೆನುಯ್ ಅಂತೆ. ಆದರೆ ಆಮೇಲೆ ಏನೆಂದರು ಗೊತ್ತೇ? "ಹದಿನೈದು ವರ್ಷದ ಹುಡುಗಿ, ಕ್ಲಾಸಿಲ್ಲ, ಇಂಟರ್ನೆಟ್ಟಿಲ್ಲ, ಒಂದು ಹರುಕು ಡಿಕ್ಷನರಿ ಇಟ್ಕೊಂಡು ಇಷ್ಟು ಹುಡುಕಿದಾಳೆ. ನಿಮ್ಮತ್ತೇನ ಒಂದಿನ ಕಾಲೇಜಿಗೆ ಕರ್ಕೊಂಡ್ಬಾ." ನನ್ನ ಮನೆಗೇ ಬರದ ಅತ್ತೆಯನ್ನು ಕಾಲೇಜಿಗೆ ಎಲ್ಲಿಂದ ಕರೆತರಲಿ?

ಲುವೆಟ್ ವಿಷಯದಲ್ಲಿ ಮ್ಯಾಮ್ ನಿಮ್ಮಿಬ್ಬರ ಮಾತನ್ನೂ ಒಪ್ಪಲಿಲ್ಲ. ಅವಳ ಟೋಪಿಯ ಮೇಲೆ ಎರಡು ಚೂಪು ಇತ್ತೇ ಎಂದು ಕೇಳಿದರು. ಇದ್ದರೆ ಅವು ಕಿವಿಗಳಿರಬೇಕಂತೆ, ಲೂವ್ ಎಂದರೆ ಹೆಣ್ಣು ತೋಳವಂತೆ. ಹೀಗಾಗಿ ಈಗ ಮೂರು ಮೂಲಗಳಾದವು. ಪ್ರಾಜೆಕ್ಟಿನಲ್ಲಿ ಮೂರನ್ನೂ ಬರೆದು, ಯಾವುದೂ ಖಚಿತವಲ್ಲ ಎಂದು ಸೇರಿಸಿದ್ದೇನೆ. ಟೋಪಿಯಲ್ಲಿ ಚೂಪು ಇತ್ತೇ?

ಇನ್ನೊಂದು ಮಾತು. ನನಗೆ ಹೆಸರಿಟ್ಟ ದಿನ ನೀವು ಸೋದರತ್ತೆಯಾಗಿ ನನ್ನ ಕಿವಿಯಲ್ಲಿ ಹೆಸರು ಹೇಳಿದಿರಂತೆ. ಅಂದು ನೀವು ತನುಶ್ರೀ ಎನ್ನುವ ಬದಲು ಬೇರೇನೋ ಹೇಳಿದಿರಿ, ಆಮೇಲೆ ನಾನು ಸಾಯುವ ಹಾಗಾದೆ, ಅದಕ್ಕೇ ನಿಮ್ಮನ್ನು ಮನೆಗೆ ಸೇರಿಸುವುದಿಲ್ಲ ಎಂದು ಅಮ್ಮ ಹೇಳುತ್ತಾರೆ. ಸುಂದರಮ್ಮಜ್ಜಿ, ಅಂದರೆ ಅಮ್ಮನ ಅಮ್ಮ, ನಿಮ್ಮ ಮಾತು ಬಂದರೆ ನಟಿಕೆ ಮುರಿಯುತ್ತಾರೆ. ಅಪ್ಪ ಎದ್ದು ಹೊರಗೆ ಹೋಗುತ್ತಾರೆ. ಕಿವಿ ನನ್ನದು, ಹೆಸರು ನನ್ನದು. ಏನು ಹೇಳಿದಿರಿ ಎಂದು ತಿಳಿಯುವ ಹಕ್ಕು ನನಗಿಲ್ಲವೇ?

ಉತ್ತರಕ್ಕೆ ಕಾಯುವ,
ತನು



ಮಲ್ಲೇಶ್ವರ
30 ಆಗಸ್ಟ್ 2025

ತನು,

ತಿಂಗಳ ಮೇಲಾಯಿತು. ಗೌರಿ ಹಬ್ಬ ಮುಗಿಯಲಿ ಎಂದುಕೊಂಡೆ. ಸುಳ್ಳು. ಧೈರ್ಯವಿರಲಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಎಂಟನೇ ಕ್ರಾಸಿನಲ್ಲಿ ಬಾಗಿನದ ಮೊರ ಕೊಳ್ಳುವಾಗ, ತವರಿನಿಂದ ಬಂದ ಸೀರೆ ಉಟ್ಟವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಈ ವಯಸ್ಸಿಗೂ. ನಮ್ಮಪ್ಪ ಅಮ್ಮ ನೀನು ಹುಟ್ಟುವ ಮೊದಲೇ ಹೋದರು. ತವರು ಅಂತ ನನಗೆ ಉಳಿದದ್ದು ಬಸು ಒಬ್ಬನೇ.

ನೀನು ಕೇಳಿದ್ದಕ್ಕೆ ಉತ್ತರ: ನಿನ್ನ ಕಿವಿಯಲ್ಲಿ ನಾನು ಹೇಳಿದ್ದು ಲುವೆಟ್ ಎಂದು.

ಈಗ ನಗುತ್ತೀಯೋ ಅಳುತ್ತೀಯೋ ನಾನು ಕಾಣೆ. ಅದು ಹೇಗಾಯಿತು ಕೇಳು. ಆ ಬೇಸಿಗೆಯ ಕೊನೆಗೆ ಶಿವಶಂಕರ್ ಅಂಕಲ್ ಕೋಣೆ ಖಾಲಿ ಮಾಡಿದರು. ನಾವು ಆರನೇ ಬಾಗಿಲಿನವರೆಗೆ ಬಂದಿದ್ದೆವು. ಏಳನೆಯದರ ಆಚೆ ಏನಿತ್ತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಬಸು ಬಾಗಿಲ ಮೆಟ್ಟಿಲ ಮೇಲೆ ಕೂತು ಅತ್ತ. ಸಮಾಧಾನಕ್ಕೆ ನಾನು ಏನೇನೋ ಹೇಳಿದೆ. ಅವನು ಮೂಗು ಒರೆಸಿಕೊಂಡು, "ನಂಗೆ ಮಗಳು ಹುಟ್ಟಿದ್ರೆ ಲುವೆಟ್ ಅಂತಾನೇ ಇಡ್ತೀನಿ. ಕಿವೀಲಿ ಹೇಳೋಳು ನೀನೇ ತಾನೆ, ಹೇಳ್ಬೇಕು" ಎಂದ. ನಮ್ಮ ಮನೆಗಳಲ್ಲಿ ಮಗುವಿನ ಕಿವಿಗೆ ಹೆಸರು ಹೇಳುವ ಅಧಿಕಾರ ಸೋದರತ್ತೆಗೆ ಮಾತ್ರ ಎಂಬುದು ಅವನಿಗೆ ಅಷ್ಟು ಚಿಕ್ಕಂದಿನಲ್ಲೇ ಗೊತ್ತಿತ್ತು. ಆಗಲಿ ಎಂದೆ.

ಹದಿನಾಲ್ಕು ವರ್ಷದ ಮೇಲೆ ನೀನು ಹುಟ್ಟಿದೆ. ನಾಮಕರಣದ ಹಿಂದಿನ ಸಂಜೆ ನಾನು ನಿಮ್ಮ ಹಿತ್ತಲಲ್ಲಿ ಕೂತು ತೊಟ್ಟಿಲಿಗೆ ಹೂ ಕಟ್ಟುತ್ತಿದ್ದೆ. ಬಸು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಅಕ್ಕ, ಲುವೆಟ್ ನೆನಪಿದೆಯಾ?" ಎಂದ. ಇಬ್ಬರೂ ನಕ್ಕೆವು. ಅಪ್ಪ ಹೋದ ಮೇಲೆ ನಾವಿಬ್ಬರೇ ಹಾಗೆ ನಕ್ಕದ್ದು ಅದೇ ಮೊದಲು.

ಮಾರನೆಯ ದಿನ ತೊಟ್ಟಿಲಿಗೆ ಬಗ್ಗಿ ನಿನ್ನ ಕಿವಿಯಲ್ಲಿ ಮೂರು ಸಲ ಲುವೆಟ್ ಎಂದೆ. ಆಮೇಲೆ ಗಟ್ಟಿಯಾಗಿ ತನುಶ್ರೀ ಎಂದೆ. ಹೆಂಗಸರೆಲ್ಲ ನನ್ನ ಬೆನ್ನಿಗೆ ಗುದ್ದಿ ನಕ್ಕರು, ಅದು ಪದ್ಧತಿ. ತೊಟ್ಟಿಲ ಆ ಕಡೆ ಹಿಡಿದಿದ್ದ ನಿಮ್ಮಜ್ಜಿ ಮಾತ್ರ ನಗಲಿಲ್ಲ. ಅವರ ಕಿವಿ ಚುರುಕು.

ಅದಾದ ಇಪ್ಪತ್ತು ದಿನಕ್ಕೆ ನಿನಗೆ ನ್ಯುಮೋನಿಯಾ ಆಯಿತು. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದೆ. ನಿಮ್ಮಜ್ಜಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರ ಮುಂದೆ, "ಮಕ್ಕಳಿಲ್ಲದೋಳು ನನ್ ಮೊಮ್ಮಗು ಕಿವೀಲಿ ಏನೋ ಊದಿದ್ಲು. ನಾನೇ ಕೇಳಿಸ್ಕೊಂಡೆ" ಎಂದರು. ಹೌದು, ತನು, ನನಗೆ ಮಕ್ಕಳಿಲ್ಲ. ನಿನಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ. ಲಾವಣ್ಯ, ನಿಮ್ಮಮ್ಮ, ಆಗ ಬಾಣಂತಿ. ಬಿಳಿಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಏನು ಹೇಳಿದೆ ಎಂದು ಎಲ್ಲರೂ ಕೇಳಿದರು. ಒಂದು ಆಟದ ಹೆಸರು, ತಮಾಷೆಗೆ ಹೇಳಿದೆ ಎಂದೆ. ಅದರ ಮೇಲೆ ನನಗೆ ಅಲ್ಲಿ ಜಾಗವಿರಲಿಲ್ಲ.

ನಿನ್ನಪ್ಪನಿಗೆ ಏನೂ ಗೊತ್ತಿರಲಿಲ್ಲ. ಮಾಡಿದ್ದು ನಾನೊಬ್ಬಳೇ, ನನ್ನ ಹುಡುಗಾಟಿಕೆಯಿಂದ. ಅವನನ್ನು ಏನೂ ಕೇಳಬೇಡ.

ಟೋಪಿಯಲ್ಲಿ ಎರಡು ಚೂಪು ಇತ್ತು. ನಾನು ಅದನ್ನು ರಿಬ್ಬನ್ ಎಂದುಕೊಂಡಿದ್ದೆ.

ನಿನ್ನ ಅತ್ತೆ



ಚಾಮರಾಜಪೇಟೆ
14 ಸೆಪ್ಟೆಂಬರ್ 2025

ಅತ್ತೆ,

ಮೊದಲು ತಪ್ಪೊಪ್ಪಿಗೆ. ನಿಮ್ಮ ಪತ್ರವನ್ನು ಅಪ್ಪನಿಗೆ ತೋರಿಸಿಬಿಟ್ಟೆ.

ಯಾಕೆಂದರೆ ನೀವು ಬರೆದದ್ದು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಿಂದಿನ ಸಂಜೆ ಅಪ್ಪನೇ ಬಂದು ಲುವೆಟ್ ನೆನಪಿದೆಯಾ ಎಂದು ಕೇಳಿದರು ಎನ್ನುತ್ತೀರಿ. ಅರ್ಧ ಪುಟ ದಾಟಿದ ಮೇಲೆ ಅಪ್ಪನಿಗೆ ಏನೂ ಗೊತ್ತಿರಲಿಲ್ಲ ಎನ್ನುತ್ತೀರಿ. ನಾನು ಆ ಪತ್ರವನ್ನು ನಾಲ್ಕು ಸಲ ಓದಿದೆ. ಹೇಳಿದ್ದು ನೀವು, ಹೇಳಿಸಿದ್ದು ಅಪ್ಪ, ಅಲ್ಲವೇ? ಆಸ್ಪತ್ರೆಯಲ್ಲಿ ಎಲ್ಲರೂ ನಿಮ್ಮನ್ನು ಕೇಳುವಾಗ ಅಪ್ಪ ಎಲ್ಲಿ ನಿಂತಿದ್ದರು ಎಂದು ನೀವು ಬರೆದೇ ಇಲ್ಲ.

ಸಂಜೆ ಅಂಗಡಿಗೆ ಹೋಗಿ ಪತ್ರವನ್ನು ಅವರ ಕೈಗೇ ಕೊಟ್ಟೆ. ಗಿರಾಕಿಗಳು ಎದುರಿಗೆ ಸೀರೆ ಹರವಿಕೊಂಡು ಕೂತಿದ್ದರು. ಅಪ್ಪ ನಿಂತೇ ಓದಿದರು. ಮಡಿಸಿ ಜೇಬಿಗಿಟ್ಟುಕೊಂಡರು. "ಮನೆಗೆ ಹೋಗು" ಎಂದರು, ಅಷ್ಟೆ. ಎಂಟು ದಿನದಿಂದ ಅವರು ಮನೆಯಲ್ಲಿ ಉಪ್ಪು ಕೊಡು, ನೀರು ಕೊಡು ಎನ್ನುವುದು ಬಿಟ್ಟರೆ ಮಾತಿಲ್ಲ.

ನನಗೆ ಭಯವಾಗಿದೆ. ಆದರೆ ಕೊಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ. ಪ್ರಾಜೆಕ್ಟಿಗೆ ಇಪ್ಪತ್ತಕ್ಕೆ ಇಪ್ಪತ್ತು ಬಂತು. ನೆರವಾದವರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಬರೆದಿದ್ದೇನೆ.

ನಿಮ್ಮ ತನು



ಮಲ್ಲೇಶ್ವರ
18 ಸೆಪ್ಟೆಂಬರ್ 2025

ತನುಶ್ರೀ,

ತೋರಿಸಬೇಡ ಎಂದು ಬರೆದಿದ್ದೆ. ನೀನು ಜಾಣೆ ಎಂದುಕೊಂಡೆ, ಅಧಿಕಪ್ರಸಂಗಿ ಎಂದು ಈಗ ತಿಳಿಯಿತು.

ನೀನು ತಾಳೆ ನೋಡಲು ನಾನೇನು ಪರೀಕ್ಷೆ ಬರೆದಿದ್ದೆನೇ? ಸಂಸಾರಸ್ಥ ಅವನು. ಹೆಂಡತಿ, ಅತ್ತೆ, ವ್ಯಾಪಾರ, ಮಗಳು. ಒಂದು ಮನೆ ನೆಟ್ಟಗೆ ನಿಂತಿದೆಯಲ್ಲ, ಅದು ನಿಂತಿರಲಿ ಎಂದು ನಾನು ಹದಿನೇಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನಮ್ಮ ಯಜಮಾನರಿಗೂ ಹೇಳಿರಲಿಲ್ಲ. ಅದನ್ನು ನೀನು ಸೀರೆ ಅಂಗಡಿಯಲ್ಲಿ ಹರವಿ ಇಟ್ಟೆ.

ಅವನು ಎಲ್ಲಿ ನಿಂತಿದ್ದ ಎಂದು ಕೇಳಿದೆಯಲ್ಲ. ನನ್ನಿಂದ ಎರಡು ಮಾರು ದೂರದಲ್ಲಿ. ನಾನು ಅವನ ಮುಖ ನೋಡಿದೆ. ಅವನು ನೆಲ ನೋಡಿ, "ಯಾಕಕ್ಕ ಹೀಗ್ಮಾಡ್ದೆ?" ಎಂದ.

ಸಮಾಧಾನವಾಯಿತೇ? ಈಗ ಇನ್ನೊಂದು ಮಾತನ್ನೂ ಕೇಳು, ಹೇಗೂ ಎಲ್ಲ ಬಯಲಾಗಿದೆ. ನನಗೆ ನನ್ನ ತಮ್ಮ ಬೇಕು. ಅವನ ಮೇಲೆ ಸಿಟ್ಟಿದೆ, ಸಾಯುವವರೆಗೂ ಇರುತ್ತದೆ. ಆದರೂ ಬೇಕು. ಮೆಟ್ರೋದಲ್ಲಿ ಮೂರು ಸ್ಟೇಷನ್. ಅಷ್ಟು ದೂರ ಬರಲು ಅವನಿಗೆ ದಾರಿ ಗೊತ್ತಿಲ್ಲದೇ ಇಲ್ಲ.

ಇನ್ನು ನೀನು ಬರೆಯಬೇಡ. ಪರೀಕ್ಷೆಗೆ ಓದಿಕೋ.

ಮಹಾನಂದ



ಚಿಕ್ಕಪೇಟೆ
5 ಅಕ್ಟೋಬರ್ 2025

ಅಕ್ಕ,

ಅಂಗಡಿಗೆ ರಜೆ. ಬಾಗಿಲು ಹಾಕಿಕೊಂಡು ಒಳಗೆ ಕೂತು ಬರೆಯುತ್ತಿದ್ದೇನೆ. ಬಿಲ್ಲು ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಹೊಟ್ಟೆಗೆ ಹಾಕಿಕೋ ಎನ್ನಲು ನನಗೆ ಮುಖವಿಲ್ಲ, ಆದರೂ ಕೈ ಬರೆದುಬಿಟ್ಟಿತು.

ಅಂದು ಹಿತ್ತಲಲ್ಲಿ ನಾನು ನೆನಪಿದೆಯಾ ಎಂದಷ್ಟೇ ಕೇಳಿರಲಿಲ್ಲ. ಅದನ್ನು ನೀನು ತನುವಿಗೂ ಬರೆದಿಲ್ಲ. "ಕಿವೀಲಿ ಅದನ್ನೇ ಹೇಳಕ್ಕ, ಆಮೇಲೆ ಗಟ್ಟಿಯಾಗಿ ತನುಶ್ರೀ ಅನ್ನು, ನಮ್ಮಿಬ್ರಿಗೇ ಗೊತ್ತಿರ್ಲಿ" ಎಂದು ನಾನು ದುಂಬಾಲು ಬಿದ್ದೆ. ನೀನು ಬೇಡ ಎಂದೆ, ಲಾವಣ್ಯನ ಕಡೆಯವರು ಏನಂದುಕೊಂಡಾರು ಎಂದೆ. ನಾನು ಬಿಡಲಿಲ್ಲ. ನನ್ನ ಖುಷಿಗೆ ನೀನು ಒಪ್ಪಿದೆ.

ಆಸ್ಪತ್ರೆಯಲ್ಲಿ ನಾನು ಹಾಗೆ ಯಾಕೆ ಅಂದೆ ಎಂದು ಹದಿನೇಳು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಸುಂದರಮ್ಮತ್ತೆಗೆ ಹೆದರಿ ಎಂದು ಹೇಳಿಕೊಳ್ಳುತ್ತಿದ್ದೆ. ಅದಲ್ಲ. ಮಗುವಿನ ಮೂಗಿಗೆ ನಳಿಗೆ ಹಾಕಿದ್ದರು. ಅತ್ತೆ ಹಾಗೆ ಅಂದಾಗ ಒಂದು ಕ್ಷಣ ನಾನೂ ನಂಬಿಬಿಟ್ಟೆ, ಅಕ್ಕ. ಬಿಕಾಂ ಓದಿದವನು ನಾನು. ನನ್ನ ಆಟದಿಂದಲೇ ನನ್ನ ಮಗಳಿಗೆ ಹೀಗಾಯಿತು ಎಂದು ನಂಬಿದೆ. ಆ ಭಯವನ್ನು ಹೊತ್ತುಕೊಳ್ಳಲಾಗದೆ ನಿನ್ನ ತಲೆಗೆ ಹಾಕಿದೆ. ನೀನು ಬಾಯಿ ತೆರೆದು ನಿಜ ಹೇಳುತ್ತೀ ಎಂದು ಕಾದೆ. ನೀನು ಹೇಳಲಿಲ್ಲ.

ತನು ಹುಷಾರಾಗಿ ಮನೆಗೆ ಬಂದ ದಿನವೇ ನಿನ್ನ ಹತ್ತಿರ ಬರಬೇಕಿತ್ತು. ನಾಳೆ ಎಂದೆ. ವಾರವಾಯಿತು, ವರ್ಷವಾಯಿತು. ಆಮೇಲೆ ಬರಲು ಇದ್ದ ಕಾರಣಕ್ಕಿಂತ ನಾಚಿಕೆ ದೊಡ್ಡದಾಯಿತು. ಒಂದು ಸಲ ಸಂಪಿಗೆ ರಸ್ತೆಯಲ್ಲಿ ನಿನ್ನನ್ನು ಕಂಡೆ, ಕೈಯಲ್ಲಿ ಕೊತ್ತಂಬರಿ ಕಟ್ಟು. ತಲೆಗೂದಲು ಬೆಳ್ಳಗಾಗಿತ್ತು. ನಾನು ಪಕ್ಕದ ಗಲ್ಲಿಗೆ ನುಗ್ಗಿ ಅವಿತುಕೊಂಡೆ. ಮಗು ಹುಷಾರಾದ ಮೇಲೆ ಅತ್ತೆ ಮತ್ತೊಮ್ಮೆ ಹೆಸರಿಡುವ ಶಾಸ್ತ್ರ ಮಾಡಿಸೋಣ, ದೂರದ ಯಾರಾದರೂ ನಾದಿನಿ ಬಂದು ಹೇಳಲಿ ಎಂದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅವಳ ಕಿವಿಯಲ್ಲಿ ನಿನ್ನ ದನಿ ಬಿಟ್ಟು ಬೇರೆ ಯಾರದೂ ಬಿದ್ದಿಲ್ಲ. ನನ್ನ ಕೈಲಾದದ್ದು ಅಷ್ಟೇ.

ತನು ಪತ್ರ ಕೊಟ್ಟ ಮೇಲೆ ಹನ್ನೆರಡು ದಿನ ಒದ್ದಾಡಿದೆ. ಕಡೆಗೆ ಲಾವಣ್ಯನಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಮಡಿಸಿ ಮುಗಿಸಿ ನನ್ನ ಕಡೆ ತಿರುಗಿ, "ಹದಿನೇಳು ವರ್ಷ ನಾನು ಆ ಹೆಂಗಸಿಗೆ ಶಾಪ ಹಾಕಿದೀನಿ ಕಣ್ರೀ. ನೀವು ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರಿ" ಎಂದಳು. ಇಷ್ಟೇ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಸರಿಯಾಗಿಯೇ ಇದೆ. ಅತ್ತೆ ಈಗ ನಮ್ಮ ಮನೆಯಲ್ಲೇ ಇದ್ದಾರೆ. ಅವರಿಗೆ ಇನ್ನೂ ಹೇಳಿಲ್ಲ. ವಯಸ್ಸಾಗಿದೆ, ಯಾಕೆ ನೋಯಿಸುವುದು ಎಂದುಕೊಳ್ಳುತ್ತೇನೆ. ಅದೂ ನೆಪವೇ ಎಂದು ನನಗೆ ಗೊತ್ತು.

ನಿನ್ನ ಮನೆಗೆ ಬರಲೇ, ಅಕ್ಕ? ಬೇಡ ಎಂದರೆ ಬರುವುದಿಲ್ಲ. ಬಾ ಎಂದರೆ ಅವತ್ತೇ ಬರುತ್ತೇನೆ.

ಬಸು



ಮಲ್ಲೇಶ್ವರ
14 ಅಕ್ಟೋಬರ್ 2025

ಬಸು,

ನೀನು ಬರಬೇಡ. ಲಾವಣ್ಯ ಬಂದಿದ್ದಳು.

ಶುಕ್ರವಾರ ಮಧ್ಯಾಹ್ನ. ಗೇಟಿನ ಹೊರಗೆ ನಿಂತು, "ಅತ್ತಿಗೆ, ಒಳಗೆ ಬರ್ಲಾ?" ಎಂದಳು. ನನಗೆ ಗುರುತೇ ಸಿಗಲಿಲ್ಲ. ಸಿಕ್ಕ ಮೇಲೆ ಏನು ಹೇಳಬೇಕೆಂದು ತಿಳಿಯದೆ, ಬಾ, ಚಪ್ಪಲಿ ಒಳಗೇ ಬಿಡು, ನಾಯಿ ಎತ್ತಿಕೊಂಡು ಹೋಗುತ್ತದೆ ಎಂದೆ. ಅಷ್ಟು ವರ್ಷ ಕಾದು ನಾನು ಆಡಿದ ಮೊದಲ ಮಾತು ಅದು.

ಅವಳು ಒಳಗೆ ಬಂದು ಕೂತಳು. ಆಮೇಲೆ, "ನಂಗಾಗ ಇಪ್ಪತ್ತೆರಡು, ಅತ್ತಿಗೆ. ಮಗು ಉಸಿರಾಡೋಕೆ ಒದ್ದಾಡ್ತಿತ್ತು. ಯಾರನ್ನಾದ್ರೂ ಬೈಲೇಬೇಕಿತ್ತು, ನೀವು ಸಿಕ್ಕಿದ್ರಿ" ಎಂದಳು. ನಿನ್ನ ಜಾಗದಲ್ಲಿ ನಾನಿದ್ದರೂ ಬೈಯುತ್ತಿದ್ದೆ ಎಂದೆ. ಸುಳ್ಳು ಹೇಳಲಿಲ್ಲ, ಖಂಡಿತ ಬೈಯುತ್ತಿದ್ದೆ, ಅವಳಿಗಿಂತ ಜೋರಾಗಿ. ಅವಳು ಅತ್ತಳು. ನಾನೂ ಅತ್ತೆ. ನಮ್ಮ ಯಜಮಾನರು ಪಾಪ, ಏನೂ ಅರ್ಥವಾಗದೆ ಎರಡು ಸಲ ಕಾಫಿ ಮಾಡಿದರು. ಲುವೆಟ್ ಎಂದರೆ ಏನು ಎಂದು ಹೊರಡುವಾಗ ಕೇಳಿದಳು. ಬೆಳಕಿರಬಹುದು, ಹಕ್ಕಿಯಿರಬಹುದು, ತೋಳವೂ ಇರಬಹುದು, ನಿನ್ನ ಮಗಳ ಮೇಡಮ್ ತೋಳ ಎನ್ನುತ್ತಾರೆ ಎಂದೆ. "ನನ್ ಮಗಳನ್ನ ನೋಡಿದ್ರೆ ತೋಳಾನೇ ಸರಿ" ಎಂದಳು. ಇಬ್ಬರಿಗೂ ನಗು ಬಂತು.

ಈ ಭಾನುವಾರ ಊಟಕ್ಕೆ ಕರೆದಿದ್ದಾಳೆ. ಬರುತ್ತೇನೆ. ನಿನ್ನ ಮನೆಗಲ್ಲ, ಅವಳ ಮನೆಗೆ. ನೀನೂ ಅಲ್ಲಿರುತ್ತೀ, ಅದಕ್ಕೆ ಏನೂ ಮಾಡುವ ಹಾಗಿಲ್ಲ.

ನಿನ್ನ ಪತ್ರವನ್ನು ಓದಿದೆ. ಎಷ್ಟು ಸಲ ಎಂದು ಕೇಳಬೇಡ. ಆದರೆ ಬಸು, ನೀನು ಅದನ್ನು ಬಾಗಿಲು ಹಾಕಿಕೊಂಡು ಬರೆದೆ. ನನ್ನ ಮೇಲೆ ತಪ್ಪು ಹೊರಿಸಿದ್ದು ಬಾಗಿಲು ಹಾಕಿಕೊಂಡಲ್ಲ, ಎಲ್ಲರ ಮುಂದೆ. ಹಾಗಾಗಿ ನೀನು ಸುಂದರಮ್ಮನವರ ಮುಂದೆ, ನಿನ್ನ ಮಗಳ ಮುಂದೆ, ಬಾಯಿಬಿಟ್ಟು ಹೇಳಬೇಕು, ಹೇಳಿಸಿದ್ದು ನಾನು ಎಂದು. ಅವರಿಗೆ ವಯಸ್ಸಾಗಿದೆ ಎಂದೆಯಲ್ಲ, ನನಗೂ ಆಗಿದೆ. ನೀನು ಹೇಳುವವರೆಗೆ ನಾನು ಆ ಮನೆಯಲ್ಲಿ ನೀರನ್ನೂ ಮುಟ್ಟುವುದಿಲ್ಲ. ಹೇಳಿದ ಮೇಲೆ ಎಲೆಯ ಮುಂದೆ ಕೂರುತ್ತೇನೆ. ನಿನ್ನ ಪಕ್ಕದಲ್ಲೇ ಕೂರುತ್ತೇನೆ.

ತುಂಬ ಹೊತ್ತು ಕಾಯಿಸಬೇಡ. ನನಗೀಗ ಶುಗರ್ ಇದೆ, ಊಟದ ಹೊತ್ತು ಮೀರಿದರೆ ತಲೆ ಸುತ್ತುತ್ತದೆ.

ಅಕ್ಕ